ಮೋಟಾರು ವೇಗ ನಿಯಂತ್ರಕಗಳ ಹದಗೊಳಿಕೆ: ನಿಸರ್ಗಪ್ರೇರಿತ ವಿಧಾನಗಳು ಮತ್ತು ಗುಜರಾತಿನ ಮೂರು ನಗರಗಳು

ವಿದ್ಯುತ್ ಮೋಟಾರಿನ ವೇಗವನ್ನು ಬೇಕಾದ ಮಟ್ಟದಲ್ಲಿ ಹಿಡಿದು ನಿಲ್ಲಿಸುವ ಸಾಧನವೇ ವೇಗ ನಿಯಂತ್ರಕ. ಭಾರ ಏರಲಿ, ಇಳಿಯಲಿ, ವೋಲ್ಟೇಜು ಹೊಯ್ದಾಡಲಿ, ಮೋಟಾರು ಮತ್ತೆ ನಿಗದಿತ ವೇಗಕ್ಕೆ ಬರಬೇಕು. ಬೇಗ ಬರಬೇಕು, ಓಲಾಡದೆ ಬರಬೇಕು. ಇದೆಲ್ಲ ನಿಯಂತ್ರಕದೊಳಗೆ ತುಂಬಿಟ್ಟ ಎರಡು ಮೂರು ಅಂಕಿಗಳನ್ನು ಅವಲಂಬಿಸಿದೆ. ಯಂತ್ರಕ್ಕೆ ಒಪ್ಪುವಂತೆ ಆ ಅಂಕಿಗಳನ್ನು ಆರಿಸುವ ಕೆಲಸವನ್ನು ಕಾರ್ಖಾನೆಗಳಲ್ಲಿ ಟ್ಯೂನಿಂಗ್ ಎನ್ನುತ್ತಾರೆ. ಇಲ್ಲಿ ಹದಗೊಳಿಕೆ ಎಂದು ಬಳಸಿದೆ.

ಅಂಕಿಗಳನ್ನು ಕಂಪ್ಯೂಟರಿನಿಂದ ಹುಡುಕಿಸುವ ಹಲವು ವಿಧಾನಗಳು ಕಳೆದ ಐವತ್ತು ವರ್ಷಗಳಲ್ಲಿ ಬಂದಿವೆ. ಜೀವಿಗಳ ವಿಕಾಸ, ಹಕ್ಕಿಗಳ ಹಾರಾಟ, ಇರುವೆಗಳ ಸಾಲು, ಜೇನಿನ ಮೇವು ಹುಡುಕುವ ಕ್ರಮ ಮುಂತಾದವುಗಳಿಂದ ಕಲ್ಪನೆ ಪಡೆದ ಕಾರಣ ಅವುಗಳನ್ನು ನಿಸರ್ಗಪ್ರೇರಿತ ಆಲ್ಗಾರಿದಮ್‌ಗಳು ಎನ್ನುತ್ತಾರೆ. ಗುಜರಾತಿನ ಅಹಮದಾಬಾದ್, ವಡೋದರಾ, ಸೂರತ್ ನಗರಗಳು ಈ ವಿಷಯದಲ್ಲಿ ಎರಡು ಕಾರಣಕ್ಕೆ ಮುಖ್ಯ. ಮೋಟಾರಿನ ವೇಗವನ್ನೇ ನೆಚ್ಚಿದ ಬಟ್ಟೆ ಉದ್ಯಮವೂ ಮೋಟಾರು ತಯಾರಿಕೆಯೂ ಇಲ್ಲಿ ಅಕ್ಕಪಕ್ಕದಲ್ಲಿವೆ. ಜಗತ್ತಿನಾದ್ಯಂತ ನಿಯಂತ್ರಕಗಳ ಹದಗೊಳಿಕೆಗೆ ಬಳಕೆಯಾಗುತ್ತಿರುವ ಎರಡು ವಿಧಾನಗಳು ಹುಟ್ಟಿದ್ದೂ ಸೂರತ್ತಿನಲ್ಲೇ.

ವೇಗವನ್ನು ಹಿಡಿಯುವ ಬಗೆ

ಬಹುಪಾಲು ನಿಯಂತ್ರಕಗಳು ಪಿಐಡಿ ಬಗೆಯವು. ಬೇಕಾದ ವೇಗಕ್ಕೂ ಇರುವ ವೇಗಕ್ಕೂ ನಡುವಿನ ಅಂತರವನ್ನು ದೋಷ ಎಂದು ಕರೆದರೆ, ನಿಯಂತ್ರಕ ಆ ದೋಷವನ್ನು ಮೂರು ಬಗೆಯಲ್ಲಿ ನೋಡುತ್ತದೆ. ಈಗ ದೋಷ ಎಷ್ಟಿದೆ ಎಂಬುದಕ್ಕೆ ಅನುಪಾತ ಗುಣಾಂಕ, ಈವರೆಗೆ ಎಷ್ಟು ಕೂಡಿಬಂದಿದೆ ಎಂಬುದಕ್ಕೆ ಅನುಕಲ ಗುಣಾಂಕ, ಯಾವ ವೇಗದಲ್ಲಿ ಬದಲಾಗುತ್ತಿದೆ ಎಂಬುದಕ್ಕೆ ಅವಕಲ ಗುಣಾಂಕ. ಅನುಪಾತ ಗುಣಾಂಕ ಹೆಚ್ಚಿದರೆ ಮೋಟಾರು ಚುರುಕಾಗುತ್ತದೆ, ಮಿತಿ ಮೀರಿದರೆ ಓಲಾಡುತ್ತದೆ. ಭಾರ ಬಿದ್ದಾಗ ಉಳಿದುಬಿಡುವ ಸಣ್ಣ ಕೊರತೆಯನ್ನು ಅನುಕಲ ಗುಣಾಂಕ ತುಂಬುತ್ತದೆ. ಅದು ಅತಿಯಾದರೆ ವೇಗ ಗುರಿಯನ್ನು ದಾಟಿ ಮುಂದೆ ಹೋಗಿ ಹಿಂತಿರುಗುತ್ತದೆ. ಅವಕಲ ಗುಣಾಂಕ ಓಲಾಟವನ್ನು ತಣಿಸುತ್ತದೆ, ಆದರೆ ವೇಗ ಅಳೆಯುವ ಎನ್‌ಕೋಡರಿನ ಸಣ್ಣಪುಟ್ಟ ಗದ್ದಲವನ್ನೂ ದೊಡ್ಡದು ಮಾಡುತ್ತದೆ. ಆದ್ದರಿಂದ ಕಾರ್ಖಾನೆಯ ಡ್ರೈವ್‌ಗಳಲ್ಲಿ, ಅಂದರೆ ನಿಯಂತ್ರಕವನ್ನು ಒಳಗೊಂಡು ಮೋಟಾರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆಗಳಲ್ಲಿ, ವೇಗ ಹಿಡಿಯಲು ಹೆಚ್ಚಾಗಿ ಮೊದಲ ಎರಡು ಗುಣಾಂಕಗಳಷ್ಟೇ ಇರುತ್ತವೆ. ಸಂಶೋಧನಾ ಲೇಖನಗಳಲ್ಲಿ ಮೂರೂ ಇರುತ್ತವೆ. ಪ್ರಯೋಗಾಲಯಕ್ಕೂ ಗಿರಣಿಗೂ ಇರುವ ದೂರ ಇಲ್ಲಿಂದಲೇ ಶುರುವಾಗುತ್ತದೆ.

ಇಂದಿನ ಡ್ರೈವ್‌ನಲ್ಲಿ ಅಳೆದು ತಿದ್ದುವ ಎರಡು ಸುತ್ತುಗಳು ಒಂದರೊಳಗೆ ಒಂದರಂತೆ ಇವೆ. ಒಳಸುತ್ತು ವಿದ್ಯುತ್ ಪ್ರವಾಹವನ್ನು, ಅಂದರೆ ತಿರುಗುಬಲವನ್ನು ಹಿಡಿಯುತ್ತದೆ. ಹೊರಸುತ್ತು ವೇಗವನ್ನು ಹಿಡಿಯುತ್ತದೆ. ಒಳಸುತ್ತು ಹೊರಸುತ್ತಿಗಿಂತ ಹಲವು ಪಟ್ಟು ಚುರುಕಾಗಿರಬೇಕು, ಇಲ್ಲದಿದ್ದರೆ ಎರಡೂ ಒಂದನ್ನೊಂದು ಎಳೆದಾಡುತ್ತವೆ. ನೇರ ಪ್ರವಾಹದ ಮೋಟಾರಿನಲ್ಲಿ ತಿರುಗುಬಲವನ್ನು ಬೇರೆಯಾಗಿ ಹಿಡಿಯುವುದು ಸಹಜವಾಗಿ ಒದಗುತ್ತದೆ. ಇಂಡಕ್ಷನ್ ಮೋಟಾರಿನಲ್ಲಿ ಕಾಂತಕ್ಷೇತ್ರವನ್ನೂ ತಿರುಗುಬಲವನ್ನೂ ಬೇರ್ಪಡಿಸಲು ಜರ್ಮನಿಯಲ್ಲಿ ಹಾಸೆ ಮತ್ತು ಬ್ಲಾಶ್ಕೆ 1970ರ ಆಸುಪಾಸಿನಲ್ಲಿ ರೂಪಿಸಿದ ಕ್ಷೇತ್ರಾಭಿಮುಖ ನಿಯಂತ್ರಣ ಬೇಕಾಯಿತು.

ಹದ ಏಕೆ ಕಷ್ಟ ಎಂಬುದನ್ನು ತಿಳಿಯಲು ಬಟ್ಟೆಗೆ ಬಣ್ಣ ಹಾಕುವ ಜಿಗ್ಗರ್ ಯಂತ್ರ ಒಳ್ಳೆಯ ಉದಾಹರಣೆ. ಬಟ್ಟೆ ಒಂದು ಉರುಳೆಯಿಂದ ಬಿಚ್ಚಿಕೊಂಡು, ಬಣ್ಣದ ತೊಟ್ಟಿಯಲ್ಲಿ ಮುಳುಗಿ, ಇನ್ನೊಂದು ಉರುಳೆಗೆ ಸುತ್ತಿಕೊಳ್ಳುತ್ತದೆ. ಆಮೇಲೆ ತಿರುಗಿ ಇತ್ತ ಬರುತ್ತದೆ. ಬಟ್ಟೆಯ ವೇಗವೂ ಬಿಗುವೂ ಒಂದೇ ಸಮ ಇರಬೇಕು, ಇಲ್ಲದಿದ್ದರೆ ಬಣ್ಣ ಪಟ್ಟೆ ಪಟ್ಟೆಯಾಗುತ್ತದೆ. ಆದರೆ ಸುರುಳಿ ದಪ್ಪವಾದಂತೆ ಅದರ ಜಡತ್ವ ತ್ರಿಜ್ಯದ ನಾಲ್ಕನೇ ಘಾತದಲ್ಲಿ ಏರುತ್ತದೆ. ಇಡೀ ಸುರುಳಿ ಗಟ್ಟಿ ಬಟ್ಟೆಯೇ ಎಂದಿಟ್ಟುಕೊಂಡರೆ, ತ್ರಿಜ್ಯ ಎರಡು ಪಟ್ಟಾದಾಗ ಜಡತ್ವ 16 ಪಟ್ಟು. ಬರಿಯ ಉರುಳೆಗೆ ಹೊಂದಿದ ಗುಣಾಂಕ ತುಂಬಿದ ಉರುಳೆಗೆ ತೀರ ಮಂದ. ತುಂಬಿದ್ದಕ್ಕೆ ಹೊಂದಿದ್ದು ಬರಿಯ ಉರುಳೆಯನ್ನು ನಡುಗಿಸುತ್ತದೆ. ಒಂದೇ ಒಂದು ಅತ್ಯುತ್ತಮ ಅಂಕಿ ಎಂಬುದು ಇಲ್ಲಿ ಇಲ್ಲವೇ ಇಲ್ಲ.

ಯಂತ್ರಗಳಿರುವ ಊರುಗಳು

ಅಹಮದಾಬಾದಿನ ಮೊದಲ ಬಟ್ಟೆ ಗಿರಣಿಯನ್ನು ರಣಛೋಡಲಾಲ್ ಛೋಟಾಲಾಲ್ ನಡೆಸಲು ಆರಂಭಿಸಿದ್ದು 1861ರಲ್ಲಿ. ಆ ಕಾಲದ ಗಿರಣಿಗಳಲ್ಲಿ ಒಂದೇ ಉಗಿಯಂತ್ರ ಉದ್ದನೆಯ ದಂಡ ಮತ್ತು ಪಟ್ಟಿಗಳ ಮೂಲಕ ಎಲ್ಲ ಯಂತ್ರಗಳನ್ನೂ ತಿರುಗಿಸುತ್ತಿತ್ತು. ವೇಗ ಹಿಡಿಯುವ ಹೊಣೆ ಉಗಿಯಂತ್ರದ ಮೇಲಿನ ಗವರ್ನರಿನ ತಿರುಗುವ ಗುಂಡುಗಳದ್ದು. ಆ ಗುಂಡುಗಳು ಕೆಲವೊಮ್ಮೆ ಓಲಾಡತೊಡಗುವುದು ಏಕೆ ಎಂಬುದಕ್ಕೆ ಗಣಿತದ ಉತ್ತರ ಕೊಟ್ಟ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ಲನ ಪ್ರಬಂಧ ಹೊರಬಂದಿದ್ದು 1868ರಲ್ಲಿ. ನಿಯಂತ್ರಣಶಾಸ್ತ್ರದ ಮೂಲಪಾಠ ಎಂದು ಇಂದು ಎಣಿಸುವ ಬರಹ ಅದು.

ಗಿರಣಿಯ ಪ್ರತಿ ಯಂತ್ರಕ್ಕೂ ಅದರದೇ ಮೋಟಾರು ಬಂದ ಮೇಲೆ ಹದಗೊಳಿಸುವ ಕೆಲಸವೂ ಯಂತ್ರ ಯಂತ್ರಕ್ಕೆ ಹಂಚಿಹೋಯಿತು. ನೂಲುವ ರಿಂಗ್ ಫ್ರೇಮಿನಲ್ಲಿ ಕದಿರು ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುತ್ತದೆ. ಉಂಡೆ ತುಂಬುವಾಗಿನ ಮೊದಲ ಮತ್ತು ಕೊನೆಯ ಹಂತಗಳಲ್ಲಿ ಎಳೆ ಹರಿಯುವುದು ಹೆಚ್ಚು. ಆಗ ವೇಗ ಇಳಿಸಿ, ನಡುವೆ ಏರಿಸುವ ವಾಡಿಕೆ ಇದೆ. ವೇಗದ ಈ ಏರಿಳಿತವನ್ನು ಡ್ರೈವ್ ನಯವಾಗಿ ಹಿಂಬಾಲಿಸಬೇಕು. ವಿಕ್ರಮ್ ಸಾರಾಭಾಯ್ 1947ರಲ್ಲಿ ಕಟ್ಟಿದ ಅಟೀರಾ, ಅಂದರೆ ಅಹಮದಾಬಾದ್ ಜವಳಿ ಉದ್ಯಮದ ಸಂಶೋಧನಾ ಸಂಘ, ಗಿರಣಿಯ ಇಂಥ ದಿನನಿತ್ಯದ ಪ್ರಶ್ನೆಗಳನ್ನು ವಿಜ್ಞಾನದ ಅಳತೆಗೆ ತಂದ ಸಂಸ್ಥೆ. ಹಳೆಯ ದೊಡ್ಡ ಗಿರಣಿಗಳು ಬಹುಮಟ್ಟಿಗೆ ಮುಚ್ಚಿದವು. ನೇಯ್ಗೆ, ಡೆನಿಮ್, ಬಣ್ಣದ ಕೆಲಸ ಉಳಿದವು. ಪಕ್ಕದ ಗಾಂಧಿನಗರ ಮತ್ತು ಸಾನಂದದಲ್ಲಿ ಮೋಟಾರು ಡ್ರೈವ್ ತಯಾರಿಸುವ ಕಂಪನಿಗಳು ಬೆಳೆದವು.

ವಡೋದರಾದ ಕತೆ ಬೇರೆ. ಮೂರನೆಯ ಸಯಾಜಿರಾವ್ ಗಾಯಕವಾಡರು 1890ರಲ್ಲಿ ತೆರೆದ ಕಲಾಭವನ ತಾಂತ್ರಿಕ ಶಾಲೆಯೇ ಇಂದು ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ತಂತ್ರಜ್ಞಾನ ವಿಭಾಗ. ನಾನೂಭಾಯಿ ಅಮೀನ್ 1943ರಲ್ಲಿ ಆರಂಭಿಸಿದ ಜ್ಯೋತಿ ಕಂಪನಿ ಪಂಪು, ಮೋಟಾರುಗಳಿಂದ ಹೆಸರಾಯಿತು. ಮಾನೇಜಾದಲ್ಲಿ ಎಬಿಬಿ ಕಂಪನಿಯ ದೊಡ್ಡ ಮೋಟಾರುಗಳ ಕಾರ್ಖಾನೆ ಇದೆ. ಅದೇ ಕಂಪನಿಯ ಡ್ರೈವ್‌ಗಳು ಬೆಂಗಳೂರಿನ ಪೀಣ್ಯದಲ್ಲಿ ತಯಾರಾಗುತ್ತವೆ. 1974ರಲ್ಲಿ ಸ್ಥಾಪನೆಯಾದ ಎರ್ಡಾ, ಅಂದರೆ ವಿದ್ಯುತ್ ಸಂಶೋಧನೆ ಮತ್ತು ಅಭಿವೃದ್ಧಿ ಸಂಘ, ಮಕರಪುರದಲ್ಲಿ ಮೋಟಾರು ಮತ್ತಿತರ ವಿದ್ಯುತ್ ಸಾಮಗ್ರಿಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತದೆ. ಹತ್ತಿರದ ಸಾವಳಿಯಲ್ಲಿ ಮೆಟ್ರೊ ಬೋಗಿಗಳು ತಯಾರಾಗುತ್ತವೆ.

ಸೂರತ್ತಿನಲ್ಲಿ ಎಣಿಸಲಾಗದಷ್ಟು ವಿದ್ಯುತ್ ಮಗ್ಗಗಳಿವೆ. ಹಳೆಯ ಲಾಳಿ ಮಗ್ಗಕ್ಕೆ ಸಣ್ಣ ಇಂಡಕ್ಷನ್ ಮೋಟಾರು, ಒಂದು ಪಟ್ಟಿ. ವೇಗ ನಿಯಂತ್ರಕವೇ ಇಲ್ಲ. ನಮ್ಮ ರಬಕವಿ-ಬನಹಟ್ಟಿ, ದೊಡ್ಡಬಳ್ಳಾಪುರಗಳ ಹಳೆಯ ಮಗ್ಗಗಳದ್ದೂ ಇದೇ ವ್ಯವಸ್ಥೆ. ಅಲ್ಲಿ ಯಾವ ಆಲ್ಗಾರಿದಮ್ಮಿಗೂ ಕೆಲಸವಿಲ್ಲ. ವಜ್ರ ಉಜ್ಜುವವರು ಘಂಟಿ ಎಂದು ಕರೆಯುವ ಮೇಜಿನಲ್ಲಿ ಎರಕದ ಕಬ್ಬಿಣದ ಚಕ್ರ ವೇಗವಾಗಿ ತಿರುಗುತ್ತದೆ. ಅಲ್ಲಿಯೂ ಚಕ್ರದ ತೂಕ ಸಮವಾಗಿರುವುದೇ ಮುಖ್ಯ, ವೇಗ ಬದಲಿಸುವ ಪ್ರಸಂಗ ಕಡಿಮೆ. ಆದರೆ ವಜ್ರವನ್ನು ಕೊಯ್ಯುವ ಲೇಸರ್ ಯಂತ್ರದ ಸರ್ವೊ ಮೇಜು, ಕಸೂತಿ ಯಂತ್ರ, ಲಾಳಿಯಿಲ್ಲದ ಹೊಸ ಮಗ್ಗ, ಬಣ್ಣದ ಮನೆಗಳ ಜಿಗ್ಗರ್, ಬಟ್ಟೆಯನ್ನು ಅಗಲಿಸಿ ಒಣಗಿಸುವ ಸ್ಟೆಂಟರ್ ಇವೆಲ್ಲ ಹದವನ್ನು ಬೇಡುತ್ತವೆ. ಸ್ಟೆಂಟರಿನಲ್ಲಿ ಹಲವು ಮೋಟಾರುಗಳು ಒಂದೇ ಬಟ್ಟೆಯನ್ನು ಹಿಡಿದು ಓಡುತ್ತವೆ. ಒಂದು ತುಸು ಹಿಂದೆ ಬಿದ್ದರೂ ಬಟ್ಟೆ ಎಳೆದುಕೊಳ್ಳುತ್ತದೆ, ಇಲ್ಲವೇ ಜೋತುಬೀಳುತ್ತದೆ.

ಅಂಕಿ ಆರಿಸುವ ಹಳೆಯ ದಾರಿಗಳು

ಹಡಗಿನ ಚುಕ್ಕಾಣಿ ಹಿಡಿಯುವ ನಾವಿಕರನ್ನು ಗಮನಿಸಿ ನಿಕೊಲಾಸ್ ಮಿನೋರ್ಸ್ಕಿ 1922ರಲ್ಲಿ ಮೂರು ಗುಣಾಂಕಗಳ ನಿಯಂತ್ರಣದ ಗಣಿತ ಬರೆದರು. ಗುಣಾಂಕ ಆರಿಸಲು ಎಲ್ಲರಿಗೂ ಎಟಕುವ ಸೂತ್ರ ಕೊಟ್ಟವರು ಅಮೆರಿಕದ ಝೀಗ್ಲರ್ ಮತ್ತು ನಿಕೋಲ್ಸ್, 1942ರಲ್ಲಿ. ಅನುಪಾತ ಗುಣಾಂಕವನ್ನು ಏರಿಸುತ್ತ ಹೋಗಿ. ವ್ಯವಸ್ಥೆ ನಿಲ್ಲದೆ ಓಲಾಡತೊಡಗುವ ಅಂಕಿಯನ್ನೂ ಓಲಾಟದ ಅವಧಿಯನ್ನೂ ಗುರುತು ಹಾಕಿಕೊಳ್ಳಿ. ಆ ಅಂಕಿಯ 0.6 ಪಾಲು ಅನುಪಾತ ಗುಣಾಂಕ, ಅವಧಿಯ ಅರ್ಧ ಅನುಕಲ ಕಾಲ, ಎಂಟನೆಯ ಒಂದು ಪಾಲು ಅವಕಲ ಕಾಲ (ಅನುಪಾತ ಗುಣಾಂಕವನ್ನು ಅನುಕಲ ಕಾಲದಿಂದ ಭಾಗಿಸಿದರೆ ಅನುಕಲ ಗುಣಾಂಕ, ಅವಕಲ ಕಾಲದಿಂದ ಗುಣಿಸಿದರೆ ಅವಕಲ ಗುಣಾಂಕ). ಪೆನ್ನು ಕಾಗದದಲ್ಲಿ ಮುಗಿಯುವ ಲೆಕ್ಕ. ಆದರೆ ಅದು ಕೊಡುವ ನಿಯಂತ್ರಕ ಒರಟು, ವೇಗ ಗುರಿಯನ್ನು ಸಾಕಷ್ಟು ದಾಟಿ ಹೋಗುತ್ತದೆ. ಯಂತ್ರವನ್ನು ಬೇಕೆಂದೇ ಓಲಾಡಿಸುವುದು ಎಲ್ಲ ಕಡೆ ಸುರಕ್ಷಿತವೂ ಅಲ್ಲ. 1984ರಲ್ಲಿ ಸ್ವೀಡನ್ನಿನ ಓಸ್ಟ್ರೋಮ್ ಮತ್ತು ಹೆಗ್ಲುಂಡ್ ಆನ್-ಆಫ್ ಸ್ವಿಚ್ಚಿನಂತೆ ವರ್ತಿಸುವ ರಿಲೇ ಬಳಸಿ, ಸಣ್ಣ ಮಿತಿಯೊಳಗಿನ ಓಲಾಟದಿಂದಲೇ ಆ ಮಾಹಿತಿ ಪಡೆಯುವ ದಾರಿ ತೋರಿಸಿದರು. ನಿಯಂತ್ರಕ ತನ್ನನ್ನು ತಾನೇ ಹದಗೊಳಿಸಿಕೊಳ್ಳುವ ಸೌಲಭ್ಯ ಮಾರುಕಟ್ಟೆಗೆ ಬರಲು ಈ ದಾರಿ ಬಹಳ ನೆರವಾಯಿತು. ಇಂದಿನ ಮೋಟಾರು ಡ್ರೈವ್‌ಗಳೂ ಮೊದಲ ಸಲ ಚಾಲೂ ಮಾಡುವಾಗ ಮೋಟಾರಿನ ತಂತಿಸುರುಳಿಯ ರೋಧ ಮುಂತಾದವನ್ನು ತಾವೇ ಅಳೆದು ಒಳಸುತ್ತನ್ನು ಹೊಂದಿಸಿಕೊಳ್ಳುತ್ತವೆ. ಹೊರಸುತ್ತು, ಅಂದರೆ ವೇಗದ ಸುತ್ತು, ಮೋಟಾರಿಗೆ ಕಟ್ಟಿದ ಯಂತ್ರವನ್ನು ಅವಲಂಬಿಸಿದೆ; ಅದನ್ನು ಸ್ಥಳದಲ್ಲಿರುವ ಇಂಜಿನಿಯರ್ ಕೈಯಿಂದ ತಿದ್ದುವುದೇ ಹೆಚ್ಚು.

ಹಿಂಡು, ತಳಿ, ಗೂಡು

ಮೂರು ಗುಣಾಂಕಗಳಿಗೆ ತಲಾ ನೂರು ಸಾಧ್ಯತೆ ಇಟ್ಟರೆ ಒಟ್ಟು ಹತ್ತು ಲಕ್ಷ ಜೋಡಣೆಗಳಾಗುತ್ತವೆ. ಎಲ್ಲವನ್ನೂ ಪರೀಕ್ಷಿಸದೆ ಒಳ್ಳೆಯದನ್ನು ಕಂಡುಕೊಳ್ಳುವುದು ನಿಸರ್ಗಪ್ರೇರಿತ ವಿಧಾನಗಳ ಉದ್ದೇಶ. ಎಲ್ಲದರ ಹಂದರ ಒಂದೇ. ಕೆಲವು ಜೋಡಣೆಗಳನ್ನು ಮನಬಂದಂತೆ ಆರಿಸಿ, ಪ್ರತಿಯೊಂದನ್ನೂ ಮೋಟಾರಿನ ಗಣಿತ ಮಾದರಿಯ ಮೇಲೆ ಓಡಿಸಿ ಅಂಕ ಕೊಡುವುದು. ಒಳ್ಳೆಯವುಗಳ ಕಡೆಗೆ ಉಳಿದವನ್ನು ಸರಿಸುವುದು, ಜೊತೆಗೆ ತುಸು ಆಕಸ್ಮಿಕತೆಯನ್ನು ಬೆರೆಸುವುದು. ಮತ್ತೆ ಅಂಕ ಕೊಡುವುದು. ವಿಧಾನ ವಿಧಾನಕ್ಕೆ ವ್ಯತ್ಯಾಸವಿರುವುದು ಸರಿಸುವ ಕ್ರಮದಲ್ಲಿ.

ಮಿಶಿಗನ್ನಿನ ಜಾನ್ ಹಾಲೆಂಡ್ 1975ರ ಪುಸ್ತಕದಲ್ಲಿ ವಿವರಿಸಿದ ತಳಿ ಆಲ್ಗಾರಿದಮ್ ಎರಡು ಜೋಡಣೆಗಳನ್ನು ಬೆಸೆದು ಮರಿ ಹುಟ್ಟಿಸುತ್ತದೆ, ಆಗಾಗ ಒಂದೆರಡು ಅಂಶವನ್ನು ಮಾರ್ಪಡಿಸುತ್ತದೆ. ಕೆನೆಡಿ ಮತ್ತು ಎಬರ್‌ಹಾರ್ಟ್ 1995ರಲ್ಲಿ ಮಂಡಿಸಿದ ಕಣಹಿಂಡಿನ ವಿಧಾನದಲ್ಲಿ ಪ್ರತಿ ಜೋಡಣೆಯೂ ಹಿಂಡಿನ ಒಂದು ಹಕ್ಕಿ. ತಾನು ಈವರೆಗೆ ಕಂಡ ಅತ್ಯುತ್ತಮ ಜಾಗದ ನೆನಪು, ಇಡೀ ಹಿಂಡು ಕಂಡ ಅತ್ಯುತ್ತಮ ಜಾಗದ ಸೆಳೆತ, ಹಳೆಯ ಓಟದ ಜಡತ್ವ, ಈ ಮೂರೂ ಕೂಡಿ ಮುಂದಿನ ನೆಗೆತವನ್ನು ನಿರ್ಧರಿಸುತ್ತವೆ. ಸರಳವಾಗಿದ್ದ ಕಾರಣ ಇದೇ ಬೇಗ ಹರಡಿತು. ತೈವಾನಿನ ಝ್ವೆ-ಲೀ ಗೈಂಗ್ 2004ರಲ್ಲಿ ಜನರೇಟರಿನ ವೋಲ್ಟೇಜು ನಿಯಂತ್ರಕದ ಪಿಐಡಿಯನ್ನು ಈ ವಿಧಾನದಿಂದ ಹದಗೊಳಿಸಿದ ಲೇಖನ ಪ್ರಕಟಿಸಿದರು. ಮೋಟಾರಿನ ವೇಗದ ಮೇಲೆ ಆಮೇಲೆ ಬಂದ ಅನೇಕ ಲೇಖನಗಳ ಅಚ್ಚು ಅದರದೇ.

ಇರುವೆಗಳ ವಿಧಾನ 1992ರ ಹೊತ್ತಿಗೆ ಮಾರ್ಕೊ ಡೊರಿಗೊ ಅವರಿಂದ, ಬ್ಯಾಕ್ಟೀರಿಯಾಗಳ ಮೇವಿನ ವಿಧಾನ 2002ರಲ್ಲಿ ಕೆವಿನ್ ಪಸೀನೊ ಅವರಿಂದ, ಜೇನಿನದು 2005ರಲ್ಲಿ ದೆರ್ವಿಶ್ ಕರಬೋಗ ಅವರಿಂದ ಬಂತು. ಬೂದು ತೋಳ 2014ರಲ್ಲಿ, ತಿಮಿಂಗಿಲ 2016ರಲ್ಲಿ. ಭಾರತೀಯರ ಪಾಲು ಈ ಪಟ್ಟಿಯಲ್ಲಿ ಚಿಕ್ಕದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೃಷ್ಣಾನಂದ್ ಮತ್ತು ದೇಬಾಶಿಷ್ ಘೋಷ್ 2005ರಲ್ಲಿ ಮಿಣುಕುಹುಳುಗಳ ಗುಂಪಿನ ವಿಧಾನ ರೂಪಿಸಿದರು. ಒಂದೇ ಶಿಖರವನ್ನಲ್ಲ, ಹಲವು ಶಿಖರಗಳನ್ನು ಒಟ್ಟಿಗೆ ಕಂಡುಹಿಡಿಯುವುದು ಅದರ ಗುರಿ. ಕೋಗಿಲೆ ಪರರ ಗೂಡಿನಲ್ಲಿ ಮೊಟ್ಟೆಯಿಡುವುದನ್ನು ಆಧರಿಸಿ ಷಿನ್-ಶೀ ಯಾಂಗ್ ಮತ್ತು ಸುವಾಶ್ ದೇಬ್ ಕಟ್ಟಿದ ವಿಧಾನ 2009ರಲ್ಲಿ ಕೊಯಮತ್ತೂರಿನ ಸಮ್ಮೇಳನದಲ್ಲಿ ಮಂಡನೆಯಾಯಿತು. ವೇಗವೂ ಬೇಕು, ವಿದ್ಯುತ್ತೂ ಉಳಿಯಬೇಕು ಎಂಬಂಥ ಪರಸ್ಪರ ಎದುರಾಗುವ ಗುರಿಗಳನ್ನು ಒಟ್ಟಿಗೆ ನಿಭಾಯಿಸಲು ಐಐಟಿ ಕಾನ್ಪುರದಲ್ಲಿದ್ದ ಕಲ್ಯಾಣಮೊಯ್ ದೇಬ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ತಳಿ ವಿಧಾನ ಇಂದಿಗೂ ಮಾದರಿ.

ಸೂರತ್ತಿನ ವಿಧಾನಗಳು

ಹದಗೊಳಿಸುವ ಈ ವಿಧಾನಗಳಿಗೇ ಹದ ಬೇಕು ಎಂಬುದು ಬಹುಕಾಲ ಕಾಡಿದ ತೊಡಕು. ಕಣಹಿಂಡಿನಲ್ಲಿ ಜಡತ್ವದ ಅಂಕಿ ಎಷ್ಟು, ನೆನಪಿನ ಸೆಳೆತ ಎಷ್ಟು, ಹಿಂಡಿನ ಸೆಳೆತ ಎಷ್ಟು? ತಳಿ ವಿಧಾನದಲ್ಲಿ ಬೆಸುಗೆಯ ಪ್ರಮಾಣ ಎಷ್ಟು, ಮಾರ್ಪಾಟು ಎಷ್ಟು? ನಿಯಂತ್ರಕದ ಮೂರು ಅಂಕಿಗಳನ್ನು ಹುಡುಕಲು ಹುಡುಕುವವನೇ ಮತ್ತೆ ಮೂರು ಅಂಕಿಗಳನ್ನು ಊಹಿಸಿ ಕೊಡಬೇಕಾಗುತ್ತದೆ.

ಸೂರತ್ತಿನ ಸರ್ದಾರ್ ವಲ್ಲಭಭಾಯಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ 1961ರಲ್ಲಿ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಾಗಿ ಆರಂಭವಾಯಿತು, 2002ರಲ್ಲಿ ರಾಷ್ಟ್ರೀಯ ಸಂಸ್ಥೆಯಾಯಿತು. ಅಲ್ಲಿನ ಮೆಕ್ಯಾನಿಕಲ್ ವಿಭಾಗದ ಆರ್. ವೆಂಕಟ ರಾವ್ ಅವರು ವಿ. ಜೆ. ಸಾವಸಾನಿ ಮತ್ತು ಡಿ. ಪಿ. ವಖಾರಿಯಾ ಅವರೊಂದಿಗೆ 2011ರಲ್ಲಿ ಬೋಧನೆ-ಕಲಿಕೆ ಆಧಾರಿತ ಹುಡುಕಾಟದ ವಿಧಾನವನ್ನು ಪ್ರಕಟಿಸಿದರು. ಟಿಎಲ್‌ಬಿಒ ಎಂಬ ಅಕ್ಷರಗಳಲ್ಲಿ ಅದು ಪ್ರಸಿದ್ಧ. ಮೋಟಾರಿಗೆಂದು ಹುಟ್ಟಿದ್ದಲ್ಲ ಅದು. ಯಂತ್ರಭಾಗಗಳ ವಿನ್ಯಾಸದಲ್ಲಿ ಬರುವ, ಮಿತಿಗಳಿಗೆ ಒಳಪಟ್ಟ ಲೆಕ್ಕಗಳಿಗಾಗಿ ಹುಟ್ಟಿದ್ದು. ಕಾಡು, ಹಿಂಡುಗಳ ಬದಲು ತರಗತಿಯನ್ನು ಮಾದರಿಯಾಗಿ ಹಿಡಿದದ್ದು ಅದರ ವಿಶೇಷ. ಆ ಕಾರಣಕ್ಕೆ ಅದನ್ನು ನಿಸರ್ಗಪ್ರೇರಿತ ಎನ್ನುವುದಕ್ಕಿಂತ ಮಾನವಪ್ರೇರಿತ ಎಂದು ಬೇರೆ ಗುಂಪಿಗೆ ಸೇರಿಸುವವರೂ ಇದ್ದಾರೆ. ಹಂದರ ಮಾತ್ರ ಹಿಂಡಿನ ವಿಧಾನಗಳದ್ದೇ.

ಪ್ರತಿ ಜೋಡಣೆಯೂ ಒಬ್ಬ ವಿದ್ಯಾರ್ಥಿ. ಮೊದಲ ಹಂತದಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಪಡೆದವರು ಗುರುವಿನ ಸ್ಥಾನ ಪಡೆಯುತ್ತಾರೆ. ತರಗತಿಯ ಸರಾಸರಿಗೂ ಗುರುವಿಗೂ ಇರುವ ಅಂತರದ ದಿಕ್ಕಿನಲ್ಲಿ ಎಲ್ಲ ವಿದ್ಯಾರ್ಥಿಗಳೂ ಸರಿಯುತ್ತಾರೆ. ಸರಾಸರಿಯನ್ನು 1 ಅಥವಾ 2ರಿಂದ ಗುಣಿಸುತ್ತಾರೆ. ಎರಡರಲ್ಲಿ ಯಾವುದು ಎಂಬುದು ಆಕಸ್ಮಿಕ. ಎರಡನೆಯ ಹಂತದಲ್ಲಿ ವಿದ್ಯಾರ್ಥಿಗಳು ಜೋಡಿಯಾಗಿ ಕಲಿಯುತ್ತಾರೆ. ಹೆಚ್ಚು ಅಂಕದವನ ಕಡೆಗೆ ಕಡಿಮೆಯವನು ಸರಿಯುತ್ತಾನೆ. ಹೊಸ ಜಾಗ ಹಳೆಯದಕ್ಕಿಂತ ಒಳ್ಳೆಯದಾದರೆ ಮಾತ್ರ ಒಪ್ಪಿಗೆ. ಬಳಸುವವರು ನಿರ್ಧರಿಸಬೇಕಾದ್ದು ತರಗತಿಯಲ್ಲಿ ಎಷ್ಟು ಜನ, ಎಷ್ಟು ಸುತ್ತು ಎಂಬ ಎರಡನ್ನೇ. ವಿಧಾನದ ಒಳಗೆ ತಿರುವಲು ಬೇರೆ ಗುಂಡಿಗಳಿಲ್ಲ.

ಐದು ವರ್ಷಗಳ ಮೇಲೆ, 2016ರಲ್ಲಿ, ವೆಂಕಟ ರಾವ್ ಜಯಾ ಎಂಬ ಇನ್ನೂ ಸರಳ ವಿಧಾನವನ್ನು ಕೊಟ್ಟರು. ಎರಡು ಹಂತದ ಬದಲು ಒಂದೇ ಹಂತ: ಅತ್ಯುತ್ತಮದ ಕಡೆಗೆ ಸರಿ, ಅತ್ಯಂತ ಕೆಟ್ಟದ್ದರಿಂದ ದೂರ ಸರಿ. ಒಂದು ಜೋಡಣೆಯ ಅನುಪಾತ ಗುಣಾಂಕ 4 ಎನ್ನೋಣ. ಸದ್ಯದ ಅತ್ಯುತ್ತಮ 6, ಅತ್ಯಂತ ಕೆಟ್ಟದ್ದು 2. ಆಕಸ್ಮಿಕ ಅಂಕಿಗಳು 0.5 ಮತ್ತು 0.25 ಬಂದರೆ, ಉತ್ತಮದ ಸೆಳೆತ 2ರ ಅರ್ಧ, ಅಂದರೆ 1. ಕೆಟ್ಟದ್ದರ ತಳ್ಳು 2ರ ಕಾಲು ಭಾಗ, ಅಂದರೆ 0.5. ಹೊಸ ಅಂಕಿ 5.5. ಮೂಲ ಸೂತ್ರದಲ್ಲಿ ಅಂಕಿಯ ಋಣಚಿಹ್ನೆಯನ್ನು ಬಿಟ್ಟು ಲೆಕ್ಕ ಹಾಕುವ ಒಂದು ಅಂಶವಿದೆ. ನಿಯಂತ್ರಕದ ಗುಣಾಂಕಗಳು ಹೇಗೂ ಧನಾತ್ಮಕವಾದ್ದರಿಂದ ನಮಗೆ ಅದು ತಟ್ಟುವುದಿಲ್ಲ. ಇಡೀ ವಿಧಾನ ಹತ್ತಿಪ್ಪತ್ತು ಸಾಲಿನ ಪ್ರೋಗ್ರಾಮಿನಲ್ಲಿ ಮುಗಿಯುತ್ತದೆ. ನೇರ ಪ್ರವಾಹದ ಮೋಟಾರು, ಬ್ರಷ್ ಇಲ್ಲದ ಮೋಟಾರು, ಇಂಡಕ್ಷನ್ ಮೋಟಾರು, ವಿದ್ಯುತ್ ಜಾಲದ ಆವರ್ತನ ನಿಯಂತ್ರಣ ಎಲ್ಲಕ್ಕೂ ಟಿಎಲ್‌ಬಿಒ, ಜಯಾ ಎರಡನ್ನೂ ಹಲವು ದೇಶಗಳ ಸಂಶೋಧಕರು ಬಳಸಿದ್ದಾರೆ.

ಟಿಎಲ್‌ಬಿಒ ವಿವಾದವಿಲ್ಲದೆ ಉಳಿಯಲಿಲ್ಲ. ಸ್ಲೊವೇನಿಯಾದ ಮಾತೆಯ್ ಚ್ರೆಪಿನ್‌ಶೆಕ್ ಮತ್ತು ಸಂಗಡಿಗರು 2012ರಲ್ಲಿ ಬರೆದ ಟಿಪ್ಪಣಿಯಲ್ಲಿ ಎತ್ತಿದ ಮುಖ್ಯ ಆಕ್ಷೇಪ ಪರೀಕ್ಷೆಗಳ ಎಣಿಕೆಯದು. ಎರಡು ಹಂತಗಳಿರುವುದರಿಂದ ಪ್ರತಿ ಸುತ್ತಿನಲ್ಲೂ ಪ್ರತಿ ವಿದ್ಯಾರ್ಥಿಗೆ ಎರಡು ಬಾರಿ ಅಂಕ ಕೊಡಬೇಕು. 20 ವಿದ್ಯಾರ್ಥಿಗಳು, 50 ಸುತ್ತು ಎಂದರೆ ಆರಂಭದ 20ನ್ನೂ ಸೇರಿಸಿ 2,020 ಪರೀಕ್ಷೆಗಳು. ಜಯಾದಲ್ಲಿ ಅಷ್ಟೇ ಗಾತ್ರಕ್ಕೆ 1,020. ಸುತ್ತುಗಳನ್ನಷ್ಟೇ ಎಣಿಸಿ ಬೇರೆ ವಿಧಾನಗಳೊಂದಿಗೆ ಹೋಲಿಸಿದರೆ ನ್ಯಾಯವಾಗುವುದಿಲ್ಲ. ಒಳಗುಂಡಿಗಳೇ ಇಲ್ಲ ಎಂಬ ಮಾತನ್ನೂ ಅವರು ಪ್ರಶ್ನಿಸಿದರು. ಮರುವರ್ಷ, ಆ ಟಿಪ್ಪಣಿ ಅಚ್ಚಾಗಿದ್ದ ಪತ್ರಿಕೆಯಲ್ಲೇ, ಸೂರತ್ತಿನ ಕಡೆಯಿಂದ ಉತ್ತರ ಬಂತು. ಇಷ್ಟಾದರೂ ಗುಂಡಿಗಳನ್ನು ಕಡಿಮೆ ಮಾಡಬೇಕೆಂಬ ಸೂರತ್ತಿನ ಹಟ ಸರಿಯಾದ ದಿಕ್ಕಿನದು ಎಂದೇ ಹೇಳಬೇಕು. ಬಣ್ಣದ ಮನೆಯ ಇಂಜಿನಿಯರಿಗೆ ಜಡತ್ವದ ಅಂಕಿ, ಮಾರ್ಪಾಟಿನ ಪ್ರಮಾಣ ಎಂದು ಕೂತು ಲೆಕ್ಕ ಹಾಕಲು ಬಿಡುವಿಲ್ಲ.

ಅಂಕ ಕೊಡುವ ಸೂತ್ರ

ಯಾವ ಪ್ರಾಣಿಯ ವಿಧಾನ ಎಂಬುದರ ಮೇಲೆ ನೂರಾರು ಲೇಖನಗಳು ಬಂದಿವೆ. ಫಲಿತಾಂಶವನ್ನು ನಿಜವಾಗಿ ನಿರ್ಧರಿಸುವುದು ಅಂಕ ಕೊಡುವ ಸೂತ್ರ. ಅದರ ಬಗ್ಗೆ ಒಂದೆರಡು ಸಾಲು ಬರೆದು ಮುಂದೆ ಹೋಗುವುದೇ ಹೆಚ್ಚು. ದೋಷದ ವರ್ಗವನ್ನು ಕಾಲದುದ್ದಕ್ಕೂ ಕೂಡಿಸಬಹುದು. ಆಗ ದೊಡ್ಡ ದೋಷಗಳಿಗೆ ಭಾರಿ ದಂಡ ಬೀಳುತ್ತದೆ, ಕೊನೆಯ ಸಣ್ಣ ಓಲಾಟ ಮನ್ನಾ ಆಗುತ್ತದೆ. ಚಿಹ್ನೆ ಬಿಟ್ಟ ದೋಷವನ್ನು ಕಾಲದಿಂದ ಗುಣಿಸಿ ಕೂಡಿಸಬಹುದು. ಗ್ರಹಾಂ ಮತ್ತು ಲ್ಯಾತ್ರಾಪ್ 1953ರಲ್ಲಿ ಸೂಚಿಸಿದ ಈ ಅಳತೆಯಲ್ಲಿ ತಡವಾಗಿ ಉಳಿದ ದೋಷಕ್ಕೆ ಹೆಚ್ಚು ದಂಡ. ಮೋಟಾರುಗಳ ಲೇಖನಗಳಲ್ಲಿ ಇದರ ಬಳಕೆ ಅಪಾರ.

ಇಲ್ಲಿ ಒಂದು ಬಲೆ ಇದೆ. ಮೋಟಾರಿನ ಸರಳ ರೇಖೀಯ ಮಾದರಿಯಲ್ಲಿ ವೋಲ್ಟೇಜಿಗೂ ಪ್ರವಾಹಕ್ಕೂ ಮಿತಿ ಹಾಕದಿದ್ದರೆ, ಗುಣಾಂಕ ಹೆಚ್ಚಿದಷ್ಟೂ ದೋಷ ಕಡಿಮೆಯಾಗುತ್ತಲೇ ಹೋಗುತ್ತದೆ. ಹುಡುಕಾಟ ಕೊನೆಗೆ ಸಂಶೋಧಕರು ಗೆರೆ ಎಳೆದ ಮೇಲ್ಮಿತಿಗೆ ಹೋಗಿ ಅಂಟಿಕೊಳ್ಳುತ್ತದೆ. ತೋಳ ಗೆದ್ದಿತೋ ತಿಮಿಂಗಿಲ ಗೆದ್ದಿತೋ ಎಂಬುದಕ್ಕೆ ಅಲ್ಲಿ ಅರ್ಥವಿಲ್ಲ. ಉತ್ತರವನ್ನು ಕೊಟ್ಟದ್ದು ಆ ಗೆರೆ. ನಿಜವಾದ ಡ್ರೈವ್‌ನಲ್ಲಿ 415 ವೋಲ್ಟಿನ ಮೂರು ಫೇಸು ನೇರ ಪ್ರವಾಹವಾದಾಗ ಸಿಗುವುದು 585 ವೋಲ್ಟಿನ ಆಸುಪಾಸು. ಮಾದರಿಯ ನಿಯಂತ್ರಕ ಮೊದಲ ಕ್ಷಣದಲ್ಲಿ 5,000 ವೋಲ್ಟು ಕೇಳಿದರೆ ಕೊಡುವವರಿಲ್ಲ. ಮಿತಿ ಮುಟ್ಟಿದ ಹೊತ್ತಿನಲ್ಲಿ ಅನುಕಲ ಭಾಗ ಸುಮ್ಮನೆ ತುಂಬುತ್ತ ಹೋಗಿ, ಆಮೇಲೆ ವೇಗವನ್ನು ಗುರಿ ದಾಟಿಸುತ್ತದೆ. ಅದನ್ನು ತಡೆಯುವ ಏರ್ಪಾಟೂ ಮಾದರಿಯಲ್ಲಿರಬೇಕು. ಇವೆರಡನ್ನು ಸೇರಿಸಿದ ಕೂಡಲೇ ಉತ್ತಮ ಅಂಕಿ ಮೇಲ್ಮಿತಿಯಿಂದ ಒಳಗೆ ಸರಿಯುತ್ತದೆ, ಹುಡುಕಾಟಕ್ಕೆ ಬೆಲೆ ಬರುತ್ತದೆ.

ಜಿಗ್ಗರಿನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಬರಿಯ ಉರುಳೆ, ಅರ್ಧ ತುಂಬಿದ್ದು, ಪೂರ್ತಿ ತುಂಬಿದ್ದು ಎಂಬ ಮೂರು ಸ್ಥಿತಿಗಳಲ್ಲೂ ಓಡಿಸಿ, ಮೂರರಲ್ಲಿ ಅತಿ ಕೆಟ್ಟ ಅಂಕವನ್ನೇ ಆ ಜೋಡಣೆಯ ಅಂಕವೆಂದು ಹಿಡಿದರೆ, ಯಾವ ಸ್ಥಿತಿಯಲ್ಲೂ ಕೈಕೊಡದ ಗುಣಾಂಕ ಸಿಗುತ್ತದೆ. ಇನ್ನೂ ಮೇಲಾದ ದಾರಿಯೆಂದರೆ ಸುರುಳಿಯ ತ್ರಿಜ್ಯವನ್ನು ಅಳೆಯುತ್ತ ಗುಣಾಂಕವನ್ನು ಅದಕ್ಕೆ ತಕ್ಕಂತೆ ಬದಲಿಸುವುದು. ಆಗ ಹುಡುಕಬೇಕಾದ್ದು ಒಂದು ಅಂಕಿಯನ್ನಲ್ಲ, ತ್ರಿಜ್ಯದ ಜೊತೆ ಬದಲಾಗುವ ಒಂದು ರೇಖೆಯನ್ನು.

ಟೀಕೆಗಳು

ಎಲ್ಲ ಸಮಸ್ಯೆಗಳ ಮೇಲೂ ಸರಾಸರಿ ತೆಗೆದರೆ ಯಾವ ಹುಡುಕಾಟದ ವಿಧಾನವೂ ಇನ್ನೊಂದಕ್ಕಿಂತ ಮೇಲಲ್ಲ ಎಂದು ವೋಲ್ಪರ್ಟ್ ಮತ್ತು ಮ್ಯಾಕ್‌ರೆಡಿ 1997ರಲ್ಲಿ ಸಾಧಿಸಿದರು. ಹೊಸ ಪ್ರಾಣಿಯ ಹೆಸರಿನಲ್ಲಿ ಹಳೆಯ ಗಣಿತವನ್ನೇ ಮತ್ತೆ ಮಾರುವ ಪ್ರವೃತ್ತಿಯನ್ನು ಬೆಲ್ಜಿಯಮ್ಮಿನ ಕೆನೆತ್ ಸೊರೆನ್‌ಸೆನ್ 2015ರಲ್ಲಿ ಕಟುವಾಗಿ ಖಂಡಿಸಿದರು. ಇರುವೆಗಳ ವಿಧಾನ ಕೊಟ್ಟ ಡೊರಿಗೊ ಅವರೂ ಸಂಗಡಿಗರೊಡನೆ ತೋಳ, ಮಿಂಚುಹುಳು, ಬಾವಲಿಗಳ ವಿಧಾನಗಳನ್ನು ಬಿಡಿಸಿ ನೋಡಿ, ಕಣಹಿಂಡಿನಲ್ಲಿ ಆಗಲೇ ಇದ್ದ ಕಲ್ಪನೆಗಳೇ ಅವುಗಳಲ್ಲಿವೆ ಎಂದು ತೋರಿಸಿದ್ದಾರೆ. ಮೋಟಾರಿನ ಲೇಖನಗಳಿಗೆ ವಿಶೇಷವಾಗಿ ಅನ್ವಯಿಸುವ ದೋಷ ಇನ್ನೊಂದಿದೆ: ಹೊಸ ವಿಧಾನವನ್ನು 1942ರ ಸೂತ್ರದೊಂದಿಗೆ ಹೋಲಿಸಿ ಗೆಲುವು ಸಾರುವುದು. ಝೀಗ್ಲರ್-ನಿಕೋಲ್ಸ್ ಸೂತ್ರ ಒರಟೆಂದು ಎಲ್ಲರಿಗೂ ಗೊತ್ತು. ಅನುಭವಿ ಇಂಜಿನಿಯರ್ ಕೈಯಿಂದ ತಿದ್ದಿದ ಅಂಕಿಯೊಡನೆ, ಇಲ್ಲವೇ ಡ್ರೈವ್ ತಾನೇ ಆರಿಸಿದ್ದರೊಡನೆ ಹೋಲಿಸಿದಾಗ ಮಾತ್ರ ಗೆಲುವಿಗೆ ತೂಕ.

ಎರಡೇ ಗುಣಾಂಕಗಳಿದ್ದರೆ ಹುಡುಕಾಟವೇ ಬೇಡ. ತಲಾ ನೂರು ಬೆಲೆ ಇಟ್ಟರೆ ಹತ್ತು ಸಾವಿರ ಜೋಡಣೆ. ಇಂದಿನ ಲ್ಯಾಪ್‌ಟಾಪು ಸರಳ ಮಾದರಿಯ ಮೇಲೆ ಅಷ್ಟನ್ನೂ ಓಡಿಸಿ ಬಿಡುತ್ತದೆ, ಇಡೀ ನಕ್ಷೆಯೂ ಕಣ್ಣಿಗೆ ಬೀಳುತ್ತದೆ. ಅಂಕಿಗಳು ಹೆಚ್ಚಿದಾಗಲೇ ನಿಸರ್ಗಪ್ರೇರಿತ ವಿಧಾನಗಳ ನಿಜವಾದ ಬಲ ಕಾಣುವುದು. ಇಗೊರ್ ಪೊದ್ಲುಬ್ನಿ 1999ರಲ್ಲಿ ಪರಿಚಯಿಸಿದ ಭಿನ್ನಾಂಕ ಘಾತದ ಪಿಐಡಿಗೆ ಐದು ಅಂಕಿ. ಮಸುಕು ತರ್ಕದ ನಿಯಂತ್ರಕಕ್ಕೆ ಅದಕ್ಕಿಂತಲೂ ಹೆಚ್ಚು. ಎನ್‌ಕೋಡರಿಲ್ಲದೆ ವೇಗವನ್ನು ಲೆಕ್ಕದಿಂದಲೇ ಊಹಿಸುವ ಡ್ರೈವ್‌ನಲ್ಲಿ ಊಹೆಯ ಅಂಕಿಗಳೂ ಸೇರುತ್ತವೆ. ಸ್ಟೆಂಟರಿನ ಹಲವು ಮೋಟಾರುಗಳನ್ನು ಒಟ್ಟಿಗೆ ಹೊಂದಿಸುವುದು ಇದೇ ಜಾತಿಯ ಕೆಲಸ.

ಬಳಕೆಯ ನೆಲೆ

ಗಣಿತ ಮಾದರಿಯ ಮೇಲೆ ಎರಡು ಸಾವಿರ ಪರೀಕ್ಷೆ ಮಾಡುವುದು ಸುಲಭ. ನಿಜ ಯಂತ್ರದ ಮೇಲೆ ಕಷ್ಟ. ಪ್ರತಿ ಪರೀಕ್ಷೆಗೆ 20 ಸೆಕೆಂಡು ಹಿಡಿದರೂ 2,020 ಪರೀಕ್ಷೆಗೆ ಹನ್ನೊಂದು ಗಂಟೆ ದಾಟುತ್ತದೆ, ನಡುವೆ ಬರುವ ಕೆಟ್ಟ ಜೋಡಣೆಗಳು ಗೇರನ್ನೋ ಬಟ್ಟೆಯನ್ನೋ ಹಾಳು ಮಾಡಬಹುದು. ಆದ್ದರಿಂದ ಹುಡುಕಾಟವನ್ನು ಮಾದರಿಯ ಮೇಲೆ ಮುಗಿಸಿ, ಸಿಕ್ಕ ಅಂಕಿಯನ್ನು ಯಂತ್ರಕ್ಕೆ ತರುವುದು ರೂಢಿ. ರೈಲಿನ ಮೋಟಾರಿನಂಥ ದುಬಾರಿ ವ್ಯವಸ್ಥೆಗಳಲ್ಲಿ ನಡುವೆ ಇನ್ನೊಂದು ಮೆಟ್ಟಿಲಿದೆ: ನಿಜವಾದ ನಿಯಂತ್ರಕ ಪೆಟ್ಟಿಗೆಗೆ, ಮೋಟಾರನ್ನೂ ಬೋಗಿಯನ್ನೂ ಅನುಕರಿಸುವ ವೇಗದ ಕಂಪ್ಯೂಟರನ್ನು ಜೋಡಿಸಿ ಪರೀಕ್ಷಿಸುವುದು.

ಯಂತ್ರದ ಮೇಲೇ ಹುಡುಕಬೇಕಾದಾಗ ಹುಡುಕಾಟವನ್ನು ಚಿಕ್ಕದು ಮಾಡಬೇಕು. ಈಗಾಗಲೇ ಕೈಯಿಂದ ಹೊಂದಿಸಿದ ಗುಣಾಂಕದ ಸುತ್ತ ಕಿರಿದಾದ ವ್ಯಾಪ್ತಿ ಹಾಕಿ, ಪ್ರವಾಹ ಮಿತಿ ದಾಟಿದರೆ ಪರೀಕ್ಷೆ ತಾನಾಗಿ ನಿಲ್ಲುವ ಏರ್ಪಾಟು ಮಾಡಿ, ಜಯಾ ವಿಧಾನವನ್ನು 8 ಜೋಡಣೆ, 15 ಸುತ್ತಿಗೆ ಓಡಿಸಿದರೆ ಒಟ್ಟು 128 ಪರೀಕ್ಷೆಗಳಾಗುತ್ತವೆ. ತಲಾ 20 ಸೆಕೆಂಡಿನಂತೆ ಸುಮಾರು 43 ನಿಮಿಷ. ಒಂದು ದುರಸ್ತಿ ನಿಲುಗಡೆಯಲ್ಲಿ ಹಿಡಿಸುವಷ್ಟು ಕಾಲ. ಜಿಗ್ಗರಿನಲ್ಲಾದರೆ ಇದನ್ನು ಬರಿಯ ಉರುಳೆಗೊಮ್ಮೆ, ತುಂಬಿದ ಉರುಳೆಗೊಮ್ಮೆ ಬೇರೆ ಬೇರೆಯಾಗಿ ಮಾಡಿ, ನಡುವಿನ ತ್ರಿಜ್ಯಗಳಿಗೆ ಗುಣಾಂಕವನ್ನು ಲೆಕ್ಕದಿಂದ ತುಂಬಿಕೊಳ್ಳಬೇಕಾಗುತ್ತದೆ.